ಆಪಾನ ಕಂಪ್ಯೂಟರ್ ಮಲಗುವುದಿಲ್ಲ

ನಮ್ಮ ಅಂಗಡಿಯಲ್ಲಿ ಎರಡು ಕಂಪ್ಯೂಟರುಗಳಿವೆ. ಬಾಗಿಲ ಕಡೆಯದು ನನ್ನದು, ಒಳಗೋಡೆಯ ಕಡೆಯದು ಆಪಾನದು. ಆಪಾ ತೀರಿಕೊಂಡು ಹತ್ತು ದಿನಕ್ಕೆ ಮತ್ತೆ ಅಂಗಡಿಯ ಶಟರ್ ಎತ್ತಿದಾಗ ನನ್ನ ಕಣ್ಣಿಗೆ ಬಿದ್ದದ್ದು ಇದು: ಐದು ನಿಮಿಷ ಮುಟ್ಟದೆ ಬಿಟ್ಟರೆ ನನ್ನ ಪರದೆ ಕಪ್ಪಾಗಿ ಮಲಗುತ್ತದೆ, ಆಪಾನದು ಮಲಗುವುದಿಲ್ಲ. ಖಾಲಿ ಕುರ್ಚಿಯ ಮುಂದೆ ಬೆಳಗಿನಿಂದ ಸಂಜೆಯವರೆಗೆ ಉರಿಯುತ್ತಲೇ ಇರುತ್ತದೆ.

ಅಂಗಡಿ ಇರುವುದು ಮಸ್ಕಿಯಲ್ಲಿ, ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯ ಮೇಲೆ. ಲಗ್ನಪತ್ರಿಕೆ, ತೊಟ್ಟಿಲ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ, ಯಾರಾದರೂ ಸತ್ತರೆ ಫೋಟೋ ಇಟ್ಟು ಶ್ರದ್ಧಾಂಜಲಿ, ಎಲ್ಲ ಟೈಪ್ ಮಾಡಿಕೊಡುತ್ತೇವೆ. ನಾನು ಟೈಪ್ ಮಾಡುವವಳು, ಆಪಾ ಪ್ರೂಫ್ ನೋಡುವವಳು. ಆಪಾ ಎಂದರೆ ಉರ್ದುವಿನಲ್ಲಿ ಅಕ್ಕ. ನನಗಿಂತ ಹನ್ನೆರಡು ವರ್ಷ ದೊಡ್ಡವಳು, ರಕ್ತಸಂಬಂಧವಿಲ್ಲ, ಒಂದೇ ಜಾತಿಯಲ್ಲ, ಒಂದೇ ಧರ್ಮವಲ್ಲ. ಹದಿನಾರು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು. ಅವಳ ತವರು ವಳಕಮದಿನ್ನಿ, ಕಾಲುವೆ ನೀರಿನ ಊರು. ನನ್ನ ತವರು ಗುರುಗುಂಟಾ, ಒಣಭೂಮಿ. "ನಿಮ್ಮೂರಾಗ ನೆಲಾನೂ ಖಡಕ್, ರೊಟ್ಟೀನೂ ಖಡಕ್, ಅದಕ್ಕ ನಿನ್ನ ಬಾಯೀನೂ ಹಂಗ ಐತಿ ನೋಡು ಪೋಟ್ಟಿ" ಎನ್ನುವಳು. ಪೋಟ್ಟಿ ಎಂದರೆ ಅವರ ದಖ್ಖನಿ ಮಾತಿನಲ್ಲಿ ಹುಡುಗಿ. ನಲವತ್ತು ದಾಟಿದರೂ ನಾನು ಅವಳಿಗೆ ಪೋಟ್ಟಿಯೇ.

ನನ್ನ ಬಾಯಿ ಖಡಕ್ ಹೌದು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ಕಥೆಯೆಲ್ಲ ನನ್ನ ಬಾಯಿಂದಲೇ ಹುಟ್ಟಿದ್ದು.

ಪಾಮನಕಲ್ಲೂರಿನ ಒಂದು ಪಾರ್ಟಿಯ, ಅಂದರೆ ಗಿರಾಕಿಯ, ಲಗ್ನಪತ್ರಿಕೆ ತಪ್ಪಾಗಿ ಅಚ್ಚಾಯಿತು. ತಾರೀಖು ಸರಿ, ವಾರ ತಪ್ಪು. ಮದುವೆಯ ಅಕ್ಕಿಕಾಳು ಭಾನುವಾರ, ಪತ್ರಿಕೆಯಲ್ಲಿ ಸೋಮವಾರ. ಕಾರ್ಡುಗಳನ್ನು ಅರ್ಧ ಊರಿಗೆ ಹಂಚಿದ ಮೇಲೆ ಯಾರೋ ತೋರಿಸಿದರಂತೆ. ವರನ ತಂದೆ ಅಂಗಡಿಗೆ ಬಂದು ಕಾರ್ಡನ್ನು ನನ್ನ ಮೇಜಿಗೆ ಬಡಿದರು. "ಏನ್ರೀ ಇದು? ಬೀಗರು ಸೋಮವಾರ ಬಂದು ಖಾಲಿ ಹಂದರ ನೋಡ್ಬೇಕೇನು?" ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಎಲ್ಲರ ಕಣ್ಣು ನನ್ನ ಮೇಲೆ. ನನ್ನ ಬಾಯಿಗೆ ತಡೆಯೇ ಇಲ್ಲವಲ್ಲ, ಅಂದುಬಿಟ್ಟೆ: "ನಾ ಏನ್ ಮಾಡ್ಲಿರೀ? ಪ್ರೂಫ್ ನೋಡೋರು ಆಪಾ. ಆಕೀಗೆ ಈಗೀಗ ಕಣ್ಣು ಕಾಣಂಗಿಲ್ಲ."

ಆಪಾ ತಲೆ ಎತ್ತಿ ನನ್ನನ್ನು ನೋಡಿದಳು. ಕನ್ನಡಕ ತೆಗೆದು ಡಬ್ಬಿಗೆ ಹಾಕಿ, ಬುರ್ಖಾ ಸರಿಮಾಡಿಕೊಂಡು, ಚೀಲ ತೆಗೆದುಕೊಂಡು ಹೋದಳು. ಹದಿನಾರು ವರ್ಷದಲ್ಲಿ ನಾನು ಅವಳನ್ನು ಎಷ್ಟೋ ಸಲ ಬೈದಿದ್ದೇನೆ, ಅವಳೂ ನನ್ನನ್ನು ಬೈದಿದ್ದಾಳೆ. ಪಾರ್ಟಿಗಳ ಮುಂದೆ ಅಂದದ್ದು ಅದೇ ಮೊದಲು.

ಮಾರನೆಯ ದಿನ ಅವಳು ಬರಲಿಲ್ಲ. ನನಗೂ ಸೊಕ್ಕು, ಶಟರ್ ಎಳೆದು ಗುರುಗುಂಟಾಕ್ಕೆ ಹೋಗಿ ಕುಳಿತೆ. ಅವಳೇ ಫೋನ್ ಮಾಡಲಿ ಎಂದು. ಮೂರನೆಯ ದಿನ ಅವಳಿಗೆ ಎದೆ ಹಿಡಿದು ಸಿಂಧನೂರಿನ ಆಸ್ಪತ್ರೆಗೆ ಕರೆದೊಯ್ದರು. ಐದನೆಯ ದಿನ ಅವಳಿಲ್ಲ.

ಮಯ್ಯತ್ತಿನ ದಿನ, ಅವಳನ್ನು ಮಣ್ಣು ಮಾಡಿದ ದಿನ, ಪಕ್ಕದ ಅಂಗಡಿಯ ದರ್ಜಿ ಚಾಚಾ ನನಗೆ ಒಂದು ಮಾತು ಹೇಳಿದರು. ಸಮಾಧಾನಕ್ಕೆಂದೇ ಹೇಳಿದರು, ಪಾಪ. ಆಸ್ಪತ್ರೆಗೆ ಹೋಗುವಾಗ ಆಪಾ ನಮ್ಮ ಅಂಗಡಿಸಾಲಿನ ಮುಂದೆ ಆಟೋ ನಿಲ್ಲಿಸಿದ್ದಳಂತೆ. ಅವರಲ್ಲಿ ದೂರದ ಪ್ರಯಾಣಕ್ಕೆ ಹೊರಡುವಾಗ, ಜೀವದ ಭರವಸೆ ಇಲ್ಲದಾಗ, ಕಂಡವರನ್ನೆಲ್ಲ ಕೇಳಿಕೊಳ್ಳುವ ಒಂದು ರೂಢಿ ಇದೆ: "ಕಹಾ ಸುನಾ ಮಾಫ್ ಕರೋ." ನಾನು ಅಂದದ್ದು, ನೀವು ಕೇಳಿಸಿಕೊಂಡದ್ದು ಕ್ಷಮಿಸಿಬಿಡಿ, ಎಂದು. ಚಾಚಾನನ್ನು ಕೇಳಿದಳು, ಚಹಾದವನನ್ನು ಕೇಳಿದಳು, ಹೂವಿನ ಮುದುಕಿಯನ್ನು ಕೇಳಿದಳು. ನಮ್ಮ ಶಟರ್ ಮುಚ್ಚಿತ್ತು.

"ನನ್ನ ಕೇಳಿದ್ಲೇನು ಚಾಚಾ?" ಎಂದೆ.

"ನೀ ಇರಲಿಲ್ಲಲ್ಲವ್ವಾ."

ಇರಲಿಲ್ಲ ನಿಜ. ಫೋನಾದರೂ ಇತ್ತಲ್ಲ? ಅವಳ ಚೀಲದಲ್ಲೇ ಇತ್ತು. ಹೂವಿನ ಮುದುಕಿಗೂ ಒಂದು ಮಾತು ಹೇಳಿ ಹೋದವಳು ನನಗೆ ಮಾತ್ರ ಹೇಳಲಿಲ್ಲ. ಆವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ನನ್ನ ಮೇಲೆ ಸಿಟ್ಟು ಇಟ್ಟುಕೊಂಡೇ ಹೋದಳೇ? ಸತ್ತವರ ಸಿಟ್ಟನ್ನು ಎಲ್ಲಿ ಹೋಗಿ ಇಳಿಸುವುದು?

ಅಂಗಡಿ ತೆರೆದ ದಿನವೇ ಇನ್ನೊಂದು ಆಯಿತು. ಬೇರೆ ಏನನ್ನೋ ಹುಡುಕುತ್ತ ನನ್ನ ಮೇಜಿನ ಖಾನೆ ಎಳೆದರೆ ಪಾಮನಕಲ್ಲೂರಿನ ಆ ಪ್ರೂಫ್ ಕೈಗೆ ಬಂತು. "ಸೋಮವಾರ" ಎಂಬುದರ ಸುತ್ತ ಕೆಂಪು ಪೆನ್ನಿನ ಗುಂಡು ಗೆರೆ, ಪಕ್ಕದಲ್ಲಿ ಆಪಾನ ಸಣ್ಣ ಅಕ್ಷರದಲ್ಲಿ "ಭಾನುವಾರ". ಅವಳ ಕಣ್ಣು ಕಂಡಿತ್ತು. ತಿದ್ದದೆ, ಎರಡನೆಯ ಪ್ರೂಫ್ ತೆಗೆಯದೆ ಅವಸರದಲ್ಲಿ ಅಚ್ಚಿಗೆ ಕಳಿಸಿದವಳು ನಾನು. ಆವತ್ತು ಪಾರ್ಟಿಯ ಮುಂದೆ ಅದು ನಿನಗೆ ಗೊತ್ತಿರಲಿಲ್ಲವೇ ಎಂದು ಕೇಳಿದರೆ, ಸುಳ್ಳು ಯಾಕೆ, ಅರ್ಧ ಗೊತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪ್ರೂಫನ್ನು ಮಡಚಿ ಖಾನೆಯ ತಳಕ್ಕೆ ತುರುಕಿದೆ.

ತಲೆ ಎತ್ತಿದಾಗ ಆಪಾನ ಪರದೆ ಉರಿಯುತ್ತಿತ್ತು.

ಅವಳ ಕಂಪ್ಯೂಟರನ್ನು ಆರಿಸಿಬಿಡಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಆಗುತ್ತಿರಲಿಲ್ಲ, ಪ್ರಿಂಟರಿನ ವೈರ್ ಇರುವುದು ಅದಕ್ಕೇ. ನಾನು ಏನೇ ಹೊಡೆದರೂ ಕಾಗದ ಹೊರಬರುವುದು ಅದರ ಮೂಲಕವೇ. ಬೆಳಿಗ್ಗೆ ಗೋಡೆಯ ಸ್ವಿಚ್ ಹಾಕಿದ ತಕ್ಷಣ ಅದು ತಾನೇ ಎದ್ದುಕೊಳ್ಳುವಂತೆ ಆಪಾ ಎಂದೋ ಮಾಡಿಸಿಟ್ಟಿದ್ದಳು. ಪರದೆಯನ್ನಷ್ಟೇ ಆರಿಸೋಣವೆಂದರೆ ಅದರ ಬಟನ್ ಒಳಗೆ ಕುಸಿದು ಎಷ್ಟೋ ವರ್ಷವಾಗಿತ್ತು. ಒಂದು ದಿನ ಪರದೆಯ ವೈರನ್ನೇ ಕಿತ್ತೆ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿದಾಗಲೆಲ್ಲ ನೋಡಲು ಮತ್ತೆ ಚುಚ್ಚಬೇಕಾಯಿತು. ದಿನಕ್ಕೆ ಹತ್ತು ಸಲ ಯಾರು ಮಾಡುತ್ತಾರೆ?

ಹಾಗಾಗಿ ಅದು ಉರಿಯಿತು. ಪರದೆಯ ಮೇಲೆ ಅವಳ ತವರಿನ ಗದ್ದೆಯ ಫೋಟೋ, ಹಸಿರು ಬತ್ತ, ಬದುವಿನ ಮೇಲೆ ಬೆಳ್ಳಕ್ಕಿ. ನಾನು ನನ್ನ ಕೆಲಸ ನೋಡುತ್ತ ಕುಳಿತರೂ ಎಡಗಣ್ಣಿನ ಅಂಚಿಗೆ ಆ ಹಸಿರು ಬೆಳಕು ತಾಗುತ್ತಲೇ ಇರುತ್ತಿತ್ತು. ಬಂದ ಪಾರ್ಟಿಗಳು ಆ ಕಡೆ ನೋಡಿ, "ಅಲ್ಲಿ ಕುಂತಿದ್ದೋರು ಹೊರಗ ಹೋಗ್ಯಾರೇನ್ರೀ?" ಎಂದು ಕೇಳುವರು. ಹೌದು ಎನ್ನುತ್ತಿದ್ದೆ. ಇನ್ನೇನು ಹೇಳಲಿ?

ರಿಪೇರಿ ಮಾಡಲು ಮೊದಲು ನಾನೇ ಕೈ ಹಾಕಿದೆ. ಸೆಟ್ಟಿಂಗ್ ತೆರೆದು ನೋಡಿದೆ. ಐದು ನಿಮಿಷಕ್ಕೆ ಪರದೆ ಮಲಗಲಿ ಎಂದೇ ಇತ್ತು. ಎರಡಕ್ಕೆ ಇಳಿಸಿದೆ, ಒಂದಕ್ಕೆ ಇಳಿಸಿದೆ. ಗಡಿಯಾರ ಹಿಡಿದು ಎದುರಿಗೆ ನಿಂತೆ. ಬೆಳ್ಳಕ್ಕಿ ಕದಲಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ, ಯಾರೂ ಇಲ್ಲದ ಹೊತ್ತು, ಆಪಾನ ಪರದೆಯ ಮೇಲೆ ಬಾಣದ ಗುರುತು ತಾನಾಗಿ ಸರಿಯಿತು. ಚೂರೇ ಚೂರು, ಎಡಕ್ಕೆ. ಅಯ್ಯೋ ಶಿವನೇ ಎಂದು ಎದ್ದು ಹೊರಗೆ ಬಂದು ಚಾಚಾನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆ. ರಸ್ತೆಯಲ್ಲಿ ಬತ್ತದ ಲಾರಿಯೊಂದು ಹೋಯಿತು, ಮೆಟ್ಟಿಲು ನಡುಗಿತು. ಆಗ ಹೊಳೆಯಿತು. ಆಪಾನ ಮೇಜಿನ ಒಂದು ಕಾಲು ಗಿಡ್ಡ. ಲಾರಿ ಹೋದಾಗ ಮೇಜು ಅಲುಗುತ್ತದೆ, ಮೌಸ್ ಅಲುಗುತ್ತದೆ, ಅದಕ್ಕೇ ಪರದೆ ಎಚ್ಚರ! ಒಳಗೆ ಓಡಿ ಹೋಗಿ ಮೌಸಿನ ವೈರನ್ನೇ ಕಿತ್ತುಹಾಕಿದೆ.

ಆದರೂ ಮಲಗಲಿಲ್ಲ. ಬಾಣ ಮಾತ್ರ ನಿಂತಿತು.

ಕೀಬೋರ್ಡಿನ ಯಾವುದಾದರೂ ಕೀಲಿ ಒತ್ತಿಕೊಂಡಿರಬೇಕೆಂದು ಅದನ್ನು ಮಗುಚಿ ಬೆನ್ನಿಗೆ ಬಡಿದೆ. ಚುರುಮುರಿ ಮಂಡಾಳಿನ ಚೂರು, ಅಡಿಕೆಯ ಪುಡಿ, ಒಂದು ಬಿಳಿಗೂದಲು ಉದುರಿದವು. ಆ ಕೂದಲು ನೋಡಿ ನನಗೆ ಅಳು ಬಂತು. ಮಯ್ಯತ್ತಿನ ದಿನ ಅಳದವಳು, ಕೀಬೋರ್ಡ್ ಎದೆಗವಚಿಕೊಂಡು ಹೋ ಎಂದು ಅತ್ತೆ.

ಒಂದು ಬಿಳಿ ಬಟ್ಟೆ ತಂದು ಪರದೆಗೆ ಹೊದಿಸಿದೆ. ಇನ್ನೂ ಕೆಟ್ಟದಾಯಿತು. ಬಟ್ಟೆಯ ಒಳಗಿಂದ ಬೆಳಕು ಸೋಸಿ ಬರುತ್ತಿತ್ತು. ಚಾಚಾ ಬಾಗಿಲಲ್ಲಿ ನಿಂತು ನೋಡಿ, "ಅದನ್ನ ತಗಿ ಅವ್ವಾ, ಹೆಣಕ್ಕ ಕಫನ್ ಹೊಚ್ಚಿದಂಗ ಕಾಣಾಕತ್ತೈತಿ" ಎಂದರು. ತೆಗೆದೆ.

ಹೋದವರ ಜೀವ ನಲವತ್ತು ದಿನ ತಾನು ಓಡಾಡಿದ ಜಾಗ ಬಿಟ್ಟು ಹೋಗುವುದಿಲ್ಲ ಎಂದು ಅವರಲ್ಲೂ ಹೇಳುತ್ತಾರೆ, ನಮ್ಮಲ್ಲೂ ಏನೇನೋ ಹೇಳುತ್ತಾರೆ. ನಾನು ಓದಿದವಳು, ನಂಬುವುದಿಲ್ಲ. ಆದರೂ ದಿನ ಎಣಿಸಿದೆ. ನಲವತ್ತನೆಯ ದಿನ ಅವರ ಮನೆಯಲ್ಲಿ ಫಾತೆಹಾ ಪ್ರಾರ್ಥನೆ ಆಯಿತು, ಉಂಡು ಬಂದೆ. ನಲವತ್ತೊಂದನೆಯ ದಿನ ಬೆಳಿಗ್ಗೆ ಶಟರ್ ಎತ್ತಿ, ಸ್ವಿಚ್ ಹಾಕಿ, ಬಾಗಿಲಲ್ಲೇ ನಿಂತೆ. ಕಂಪ್ಯೂಟರ್ ಎದ್ದಿತು, ಗದ್ದೆ ಬಂತು. ಒಂದು ನಿಮಿಷ, ಐದು ನಿಮಿಷ, ಅರ್ಧ ತಾಸು. "ಇನ್ನೇನ್ ಬೇಕ ಆಪಾ ನಿನಗ? ಹೇಳಬಾರದೇನು?" ಎಂದು ಖಾಲಿ ಅಂಗಡಿಯಲ್ಲಿ ಕೂಗಿಬಿಟ್ಟೆ. ಆವತ್ತೇ ಲಿಂಗಸುಗೂರಿನ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

ಅವನು ಬೈಕಿನ ಮೇಲೆ ಬಂದ. ಈ ಭಾಗದ ಎಲ್ಲ ಟೈಪಿಂಗ್ ಅಂಗಡಿಗಳ ಯಂತ್ರಗಳೂ ಅವನ ಕೈಯಲ್ಲೇ ಸತ್ತು ಅವನ ಕೈಯಲ್ಲೇ ಬದುಕುತ್ತವೆ. ಎರಡು ಮಕ್ಕಳ ತಂದೆ, ಮಾತು ಕಮ್ಮಿ. ಎರಡು ನಿಮಿಷ ನೋಡಿ, "ಹಳೇದು ಆಗೇತ್ರೀ ಅಕ್ಕಾರ. ಫಾರ್ಮ್ಯಾಟ್ ಹೊಡದ್ಬಿಡ್ತೀನಿ, ಎಲ್ಲಾ ಸಾಫ್ ಆಗ್ತದ" ಎಂದ.

"ಉಗುರಿನಾಗ ಹೋಗೋದಕ್ಕ ಕೊಡಲಿ ತಂದೀಯೇನು? ಒಂದು ಪರದಿ ಮಲಗಸಾಕ ಹದಿನಾರು ವರ್ಷದ್ದು ಅಳಸ್ತೀಯಾ? ಕೈ ತಗೀ!" ಎಂದು ಚೀರಿದೆ. ಅವನು ನಿಜವಾಗಿಯೂ ಕೈ ತೆಗೆದ. ನನ್ನ ಮುಖದಲ್ಲಿ ಏನು ಕಂಡನೋ. "ಸಿಟ್ಟಾಗಬ್ಯಾಡ್ರೀ. ಬ್ಯಾರೆ ದಾರಿ ಐತಿ, ನೋಡೋಣು" ಎಂದು ಕುರ್ಚಿಯಲ್ಲಿ ಕೂರದೆ, ನಿಂತೇ, ಒಂದು ಕಪ್ಪು ಕಿಟಕಿ ತೆರೆದು ಅದರಲ್ಲಿ ಒಂದು ಸಾಲು ಹೊಡೆದ. "ಪರದಿ ತಾನಾಗೇ ಎಚ್ಚರ ಇರಂಗಿಲ್ರೀ. ಒಳಗ ಯಾರೋ ಮಲಗಬ್ಯಾಡ ಅಂತ ಹೇಳಿರ್ತಾರ. ಯಾರು ಹೇಳ್ಯಾರ ಅಂತ ಕೇಳಿದ್ರ ಇದು ಹೆಸರು ಹೇಳ್ತದ."

ಅವನು ಯಂತ್ರದ ಮಾತನ್ನೇ ಆಡಿದ್ದ, ಆದರೆ ನನಗೆ ಕೇಳಿದ್ದು ಬೇರೆ.

"ವಿಡಿಯೋ ರೀ," ಎಂದ. "ವಿಡಿಯೋ ಓಡಾಕತ್ತೈತಿ. ಸಿನಿಮಾ ನೋಡೋ ಮುಂದ ನಡುವ ಪರದಿ ಕಪ್ಪಾಗಬಾರದಲ್ರೀ, ಅದಕ್ಕ ವಿಡಿಯೋ ಓಡೋತನಕ ಮಲಗಾಕ ಬಿಡಂಗಿಲ್ಲ."

"ಯಾವ ವಿಡಿಯೋ? ಏನೂ ಕಾಣವಲ್ದಲ್ಲ!"

ನಾನು ಕಿತ್ತಿದ್ದ ಮೌಸಿನ ವೈರನ್ನು ಅವನು ಮತ್ತೆ ಸಿಕ್ಕಿಸಿ, ಮೂಲೆಯ ಗಡಿಯಾರದ ಪಕ್ಕದ ಸಣ್ಣ ಬಾಣವನ್ನು ಒತ್ತಿದ. ಅಲ್ಲಿ ಅಡಗಿದ್ದ ಗುರುತುಗಳಲ್ಲಿ ಒಂದನ್ನು ಎರಡು ಸಲ ಒತ್ತಿದ. ಗದ್ದೆಯ ಮೇಲೆ ಒಂದು ಕಿಟಕಿ ತೆರೆದುಕೊಂಡಿತು. ಅದರೊಳಗೆ ನಮ್ಮ ಅಂಗಡಿಯ ಫ್ಯಾನು. ಒಂದು ರೆಕ್ಕೆ ಸೊಟ್ಟಗಿರುವ ಅದೇ ಫ್ಯಾನು, ಸದ್ದಿಲ್ಲದೆ ತಿರುಗುತ್ತಿತ್ತು. ನಾನು ತಲೆ ಎತ್ತಿದೆ. ಮೇಲೆ ಆ ಫ್ಯಾನು ನಿಂತಿತ್ತು. ಆವತ್ತು ನಾನು ಹಾಕಿರಲಿಲ್ಲ.

"ಕಂಪ್ಯೂಟರ್ ಚಾಲೂ ಆದ ಕೂಡ್ಲೇ ಇದೂ ಚಾಲೂ ಆಗಂಗ ಇಟ್ಟಾರ. ಮುಗದ ಮ್ಯಾಲೆ ಮತ್ತ ಮೊದಲಿಂದ. ಆವಾಜ್ ಎಲ್ಲಿ ಹೋತು?" ಎಂದು ಅವನು ಮೇಜಿನ ಹಿಂದಿನ ಪುಟ್ಟ ಸ್ಪೀಕರನ್ನು ಹುಡುಕಿ, ಅದರ ಕಿವಿ ತಿರುವಿದ.

ಆಪಾನ ದನಿ ಬಂತು.

ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ಎಂದೋ ರೆಕಾರ್ಡ್ ಮಾಡಿದ್ದಿರಬೇಕು. ಅವಳು ಓದುತ್ತಿದ್ದಳು, ಅರಬ್ಬಿಯಲ್ಲಿ, ಬೆಳಿಗ್ಗೆ ಬಂದ ಕೂಡಲೇ ತುಟಿಯಲ್ಲಿ ಹೇಳಿಕೊಳ್ಳುತ್ತಿದ್ದ ಕುರಾನಿನ ಸಾಲುಗಳನ್ನೇ. ಅಂಗಡಿಯೆಲ್ಲ ತುಂಬಿತು. ಅವಳ ಕುರ್ಚಿಯಲ್ಲೇ ಕುಳಿತುಬಿಟ್ಟೆ. ನಲವತ್ತು ದಿನ ಅದನ್ನು ಮುಟ್ಟಿರಲಿಲ್ಲ. ದನಿ ಕೇಳಿ ಚಾಚಾ ಓಡಿ ಬಂದರು, ಕೊರಳಲ್ಲಿ ಅಳತೆಪಟ್ಟಿ. ಬಾಗಿಲಲ್ಲೇ ನಿಂತು ಕಿಸೆಯಿಂದ ಟೋಪಿ ತೆಗೆದು ಹಾಕಿಕೊಂಡರು.

ಆಗ ನನಗೆ ನೆನಪಾಯಿತು. ಎರಡು ವರ್ಷದ ಹಿಂದೆ ನನಗೆ ದಿನಾ ತಲೆನೋವು, ಏನೇನೋ ಪರೀಕ್ಷೆ ಮಾಡಿಸಿದ ಕಾಲ. ಆಪಾ ಬೆಳಿಗ್ಗೆ ಇದನ್ನು ಹಚ್ಚಲು ಶುರುಮಾಡಿದ್ದಳು. ನಾನು ಬಂದು ಚೀಲ ಇಡುವ ಮೊದಲೇ ಬೊಬ್ಬೆ ಹಾಕುತ್ತಿದ್ದೆ: "ಆಪಾ, ತಲಿ ಸಿಡಿಯಾಕತ್ತೈತಿ. ಬಂದ್ ಮಾಡ್ತೀಯೋ ಇಲ್ಲೋ?" ನಾಲ್ಕು ದಿನ ಹೀಗಾದ ಮೇಲೆ ಅವಳು ಸ್ಪೀಕರಿನ ಕಿವಿ ಹಿಂದಕ್ಕೆ ತಿರುವಿ, "ಖರೆ ಐತಿ ಬಿಡು. ಇದು ನಡದಾಗ ನಡುವ ಮಾತಾಡಬಾರದು, ಗುನ್ಹಾ ಆಗ್ತದ. ನಿನ್ನ ಬಾಯಿ ಅಂತೂ ಮುಚ್ಚಂಗಿಲ್ಲ" ಎಂದು ನಕ್ಕಿದ್ದಳು. ಅಲ್ಲಿಗೆ ನಿಲ್ಲಿಸಿದಳೆಂದು ನಾನು ತಿಳಿದಿದ್ದೆ. ಮೊದಲ ಒಂದು ನಿಮಿಷದಾಚೆ ಅದರಲ್ಲಿ ಏನಿದೆಯೆಂದು ಒಂದು ದಿನವೂ ಕೇಳಿರಲಿಲ್ಲ.

"ಬಂದ್ ಮಾಡಿಲ್ಲವ್ವಾ ಆಕಿ," ಎಂದರು ಚಾಚಾ, ಪಿಸುಮಾತಿನಲ್ಲಿ. "ನನಗ ಹೇಳಿದ್ಲು. ಆವಾಜ್ ಇಲ್ಲಂದ್ರ ಪೋಟ್ಟಿಗೆ ಗುನ್ಹಾ ಇಲ್ಲ, ಒಳಗ ನಡೀತಿರತೈತಿ ಅಂದ್ರ ಬರ್ಕತ್ ಐತಿ ಅಂತ. ನಾ ನಕ್ಕೆ, ಹಂಗ ಎಲ್ಲೆರ ಇರತೈತೇನು ಅಂದೆ. ಅಲ್ಲಾಗ ಕಿವಿ ಕೇಳಸ್ತಾವ, ನಿನಗ ಯಾಕ ಚಿಂತಿ ಅಂದ್ಲು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಪಾನ ಲೆಕ್ಕ ಯಾವಾಗಲೂ ಹಾಗೆಯೇ. ಎರಡು ವರ್ಷ ನಾನು ಪಕ್ಕದಲ್ಲೇ ಕುಳಿತು ಅವರಿವರನ್ನು ಬೈಯುತ್ತಿದ್ದಾಗ ಇದು ಓಡುತ್ತಲೇ ಇತ್ತು. ಅವಳು ಆ ಪರದೆಯ ಮುಂದೆ ಸದಾ ಕೆಲಸ ಮಾಡುತ್ತಿದ್ದುದರಿಂದ ಅದು ಮಲಗುವುದಿಲ್ಲ ಎಂಬುದೂ ನಮಗೆ ಗೊತ್ತಾಗಲಿಲ್ಲ.

ಮೆಕ್ಯಾನಿಕ್ ನಿಲ್ಲಿಸಲು ಕೈ ಚಾಚಿದ. ಇರು, ಮುಗಿಯಲಿ ಎಂದು ಸನ್ನೆ ಮಾಡಿದೆ.

ಮುಗಿಯುವುದರೊಳಗೆ ವಿಡಿಯೋದಲ್ಲಿ ಶಟರಿನ ಸದ್ದಾಯಿತು, ಚಪ್ಪಲಿ ಕಳೆದ ಸದ್ದು, ಆಮೇಲೆ ನನ್ನ ದನಿ. ದೇವರೇ, ಎಂಥ ದನಿ ನನ್ನದು! "ಆಪಾ! ಏ ಆಪಾ! ಪ್ರೂಫ್ ನೋಡಿದಿ ಇಲ್ಲೋ? ಪಾರ್ಟಿ ಬಂದು ತಲಿ ಮ್ಯಾಲೆ ಕುಂತಾರ. ಕಣ್ಣು ಮುಚ್ಕೊಂಡು ಏನ್ ಮಾಡಾಕತ್ತೀ ಅಲ್ಲಿ?"

ಓದು ನಿಂತಿತು. "ನೋಡಾಕತ್ತೀನವ್ವಾ, ನೋಡಾಕತ್ತೀನಿ," ಎಂದಳು ಆಪಾ, ನನಗೆ ಕೇಳುವಷ್ಟು ದೊಡ್ಡದಾಗಿ. ಆಮೇಲೆ ಫೋನಿನ ಹತ್ತಿರ ಬಾಯಿ ತಂದಳೋ ಏನೋ, ತೀರ ಸಣ್ಣ ದನಿಯಲ್ಲಿ, ದಖ್ಖನಿಯಲ್ಲಿ, ನಗುವನ್ನು ಒತ್ತಿಟ್ಟುಕೊಂಡು: "ಯಾ ಅಲ್ಲಾ, ಇಸ್ ಪೋಟ್ಟಿ ಕಾ ಸರ್ ಕಾ ದರ್ದ್ ನಿಕಾಲ್. ಮೂ ತೇಜ್ ಹೈ, ದಿಲ್ ಅಚ್ಛಾ ಹೈ. ಇನೆ ಬೋಲೀ ಸೋ ಮೈ ಮಾಫ್ ಕರೀ. ತೂ ಬೀ ಕರ್."

ಈ ಹುಡುಗಿಯ ತಲೆನೋವು ತೆಗಿ. ಬಾಯಿ ಚೂಪು, ಮನಸ್ಸು ಒಳ್ಳೆಯದು. ಇವಳು ಅಂದದ್ದನ್ನೆಲ್ಲ ನಾನು ಮಾಫ್ ಮಾಡಿದೆ, ನೀನೂ ಮಾಡು.

ಆಮೇಲೆ ಓದು ಮುಂದುವರಿಯಿತು. ಫ್ಯಾನು ತಿರುಗಿತು. ಮುಗಿದು, ಮತ್ತೆ ಮೊದಲಿನಿಂದ ಶುರುವಾಯಿತು.

ಹೂವಿನ ಮುದುಕಿಗೆ ಹೇಳಿದ ಮಾತನ್ನು ನನಗೆ ಯಾಕೆ ಹೇಳಲಿಲ್ಲ ಎಂದು ನಲವತ್ತು ದಿನ ನಾನು ಸುಟ್ಟುಕೊಂಡಿದ್ದೆ. ಅವಳು ಎರಡು ವರ್ಷದಿಂದ ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದಳೋ ಲೆಕ್ಕ ಯಾರಿಟ್ಟಿದ್ದಾರೆ? ಆ ಪಾಮನಕಲ್ಲೂರಿನ ಪಾರ್ಟಿಯ ಮುಂದೆ ನಾನು ಬಾಯಿಬಿಟ್ಟ ಗಳಿಗೆಯಲ್ಲೂ ಇದು ಅಲ್ಲೇ, ಅವಳ ಎದುರಿಗೇ, ದನಿಯಿಲ್ಲದೆ ಓಡುತ್ತಿತ್ತು. ದನಿಯನ್ನು ಮುಚ್ಚಿಸಿದವಳೇ ನಾನು.

"ಬಂದ್ ಮಾಡ್ಲೇನ್ರೀ ಅಕ್ಕಾರ?" ಎಂದ ಮೆಕ್ಯಾನಿಕ್, ಇನ್ನೊಮ್ಮೆ ಮುಗಿದ ಮೇಲೆ. ಅವನ ಕಣ್ಣೂ ಒದ್ದೆಯಾಗಿತ್ತು.

"ನಾನ ಮಾಡ್ತೀನಿ ತಮ್ಮಾ" ಎಂದು ಅವನ ಕೈಯಿಂದ ಮೌಸ್ ತೆಗೆದುಕೊಂಡು ನಿಲ್ಲಿಸಿದೆ. ಕಂಪ್ಯೂಟರ್ ಎದ್ದೊಡನೆ ಅದು ಓಡದಂತೆ ಮಾಡುವುದನ್ನೂ ಅವನಿಂದ ಕಲಿತೆ. ಒಂದು ಪ್ರತಿಯನ್ನು ನನ್ನ ಫೋನಿಗೆ ಹಾಕಿಕೊಂಡೆ. ಒಂದು ನಿಮಿಷ ಕಳೆಯಿತು. ಗದ್ದೆ, ಬತ್ತ, ಬೆಳ್ಳಕ್ಕಿ ಎಲ್ಲ ಕಪ್ಪಾದವು. ಇಷ್ಟು ದಿನ ಅದನ್ನೇ ಬೇಡಿದವಳಿಗೆ ಆ ಕಪ್ಪು ನೋಡಲಾಗಲಿಲ್ಲ. ಚಾಚಾ ಟೋಪಿ ತೆಗೆದು ಮಡಚಿಕೊಂಡು ಹೋದರು.

ಖಾನೆಯ ತಳದಿಂದ ಆ ಪ್ರೂಫ್ ತೆಗೆದೆ. ಮಾಫ್ ಮಾಡಿದ್ದು ಅವಳ ದೊಡ್ಡತನ, ಆದರೆ ನಾಲ್ಕು ಜನರ ಮುಂದೆ ಅಂದದ್ದು ನಾಲ್ಕು ಜನರ ಮುಂದೆಯೇ ಇಳಿಯಬೇಕು. ಮರುದಿನ ಬೆಳಗಿನ ಬಸ್ಸಿಗೆ ಪಾಮನಕಲ್ಲೂರಿಗೆ ಹೋದೆ. ವರನ ತಂದೆ ಕಟ್ಟೆಯ ಮೇಲೆ ಕುಳಿತಿದ್ದರು, ಸುತ್ತ ನಾಲ್ಕಾರು ಮಂದಿ. ಕಾಗದ ಬಿಚ್ಚಿ ಅವರ ಕೈಗೆ ಕೊಟ್ಟೆ. "ನೋಡ್ರೀ ಯಜಮಾನ್ರ, ಕೆಂಪು ಗೆರಿ ಆಪಾ ಹಾಕಿದ್ದು. ತಿದ್ದದಾಕಿ ನಾನು. ಆಕಿ ಕಣ್ಣು ಛಲೋ ಇದ್ದವು." ಅವರು ಬಹಳ ಹೊತ್ತು ಗೆರೆ ನೋಡಿದರು. "ಇದನ್ನ ಹೇಳಾಕ ಇಷ್ಟು ದೂರ ಬಂದ್ಯಾ ಅವ್ವಾ? ಕುಂದ್ರು, ಚಾ ಕುಡಿ. ಆಕೀನ್ನೂ ಒಮ್ಮೆ ಕರ್ಕೊಂಡು ಬಾ" ಎಂದರು. ಅವರಿಗೆ ಗೊತ್ತಿರಲಿಲ್ಲ. ಹೇಳಬೇಕಾಯಿತು.

ಈಗ ಆ ಪ್ರೂಫ್ ನಮ್ಮ ಅಂಗಡಿಯ ಗೋಡೆಯ ಮೇಲಿದೆ, ಬಂದವರಿಗೆಲ್ಲ ಕಾಣುವಂತೆ. ಆಪಾನ ಪರದೆ ಎಲ್ಲ ಪರದೆಗಳ ಹಾಗೆ ಮಲಗುತ್ತದೆ. ಅವಳ ಮೇಜಿನ ಗಿಡ್ಡ ಕಾಲಿಗೆ ನಾನು ಚಕ್ಕೆ ಕೊಟ್ಟಿಲ್ಲ. ಬತ್ತದ ಲಾರಿ ಹೋದಾಗ ಮೇಜು ಅಲುಗಿ ಖಾಲಿ ಕುರ್ಚಿಯ ಮುಂದೆ ಥಟ್ಟನೆ ಬೆಳಕಾಗುತ್ತದೆ. ಕಾರಣ ಗೊತ್ತಿದ್ದೂ ಪ್ರತಿ ಸಲ ನನ್ನ ಎದೆ ಝಲ್ಲೆನ್ನುತ್ತದೆ. ಪಾರ್ಟಿ ತಲೆಯ ಮೇಲೆ ಕುಳಿತಿದ್ದರೂ ಸರಿ, ಕೈಯಲ್ಲಿದ್ದ ಕಾಗದವನ್ನು ಮತ್ತೊಮ್ಮೆ ಮೊದಲ ಸಾಲಿನಿಂದ ಓದಲು ತೊಡಗುತ್ತೇನೆ.

"ನೋಡಾಕತ್ತೀನಿ ಆಪಾ, ನೋಡಾಕತ್ತೀನಿ."